ಮಾವಂದು ಅಳೆ ಮಾಡ್ಲು, ನಂದು ಒಸ ಮಾಡ್ಲು

ನಂಗೆ ಸುತ್ತಿ ಬಳ್ಸಿ ಮಾತಾಡೋದು ಆಗಲ್ಲ. ಏಳೋದ್ನ ಒಂದೇ ಸಲಕ್ಕೆ ಏಳಿ ಮುಗುಸ್ಬೇಕು. ಇಸ್ಕೂಲು ಬುಟ್ಟಿದ್ದೂ ಅದ್ಕೇಯ. ಮೇಷ್ಟ್ರು ಒಂದು ಲೆಕ್ಕನ ವಾರಗಟ್ಲೆ ಏಳೋರು, ಅಷ್ಟೊತ್ಗೆ ನಾನು ಒಂದು ತ್ವಾಟದ ಬಾಳೆಗೊನೆ ಕುಯ್ದು ಇಳ್ಸಿರ್ತಿದ್ದೆ. ಅದ್ರಿಂದ ಈ ಕತೇನೂ ಬಿರ್ನೆ ಏಳ್ಬುಡ್ತೀನಿ. ಗಾಡಿ ತಗಂಡೆ, ಮರ್ವಾದೆ ಕಳ್ಕಂಡೆ. ಮುಗೀತು.

ಇಷ್ಟಕ್ಕೇ ನಿಲ್ಸುದ್ರೆ ಮಿಕ್ಕಿದ್ನ ನಮ್ಮ ಕೆಂಪಣ್ಣ ಬಾವ ಊರೂರಲ್ಲಿ ಉಪ್ಪು ಕಾರ ಸೇರ್ಸಿ ಏಳ್ತಾರೆ. ಅಕ್ಕನ ಗಂಡ, ಬಾಯಿ ಮುಚ್ಚು ಅನ್ನಕ್ಕಾಗಲ್ಲ. ಅದ್ಕೆ ನಾನೇ ಏಳೋದು ವಾಸಿ.

ನಮ್ದು ಕವಲಂದೆ ಪಕ್ಕದ್ ಅಳ್ಳಿ, ಬಾಳೆಕಾಯಿ ವ್ಯಾಪಾರ. ಟಿ. ನರಸೀಪುರದಿಂದಾಚೆ, ತಲಕಾಡು ಕಡೆ ನಂಗೊಂದು ಎಣ್ಣು ಗೊತ್ತು ಮಾಡುದ್ರು. ಎಸ್ರು ರತ್ನ. ನೋಡಕ್ಕೆ ಓದಾಗ ಎಣ್ಣಿಗಿಂತ ಮೊದ್ಲು ನನ್ ಕಣ್ಣಿಗೆ ಬಿದ್ದಿದ್ದು ಅವ್ರಪ್ಪನ ಗಾಡಿ. ಕಲ್ಲು, ಮಣ್ಣು, ಮರಳು ಏನೂ ನೋಡ್ದೆ ದೂರ ದೂರ ಓಡ್ಸೋರಿಗೆ ಅಂತ ಮಾಡಿರೋ ಎತ್ತರದ್ ಬೈಕು ಅದು. ದೇಶ ಸುತ್ತೋ ಗಾಡೀಲಿ ಅವ್ರು ಗದ್ದೆ ಸುತ್ತೋರು. ಆ ಕಡೆ ದಾರಿ ತುಂಬ ಮರಳು, ಬೇರೆ ಗಾಡಿ ಊತ್ಕೊಂಡ್ಬುಡ್ತದೆ.

"ನಿಂದ್ಯಾವ ಗಾಡಿ?" ಅಂದ್ರು.

"ಮೊಪೆಡ್ಡು."

"ಊಂ," ಅಂದ್ರು. ಅಷ್ಟೇಯ. ಆ ಒಂದು ಊಂನಲ್ಲಿ ನನ್ನ ಮೊಪೆಡ್ಡು, ನಮ್ಮಪ್ಪ, ನಮ್ಮ ತಾತ ಎಲ್ಲಾ ಮುಳುಗೋದ್ರು.

ಎಣ್ಣು ಒಪ್ಪುದ್ಲು. ನಮ್ ಕಡೆ ಆದ್ರೆ ಒಪ್ಪುದ್ರಷ್ಟೇ ಸಾಲ್ದು. ಗಂಡಿನ ಕಡೆಯೋರು ಎಲೆ ಅಡ್ಕೆ ತಗಂಡೋಗಿ, ಎಣ್ಣಿನ ಕಡೆಯೋರ ಜೊತೆ ವೀಳ್ಯ ಬದ್ಲಾಯಿಸ್ಕೋಬೇಕು. ವೀಳ್ಯಶಾಸ್ತ್ರ ಆಯ್ತು ಅಂದ್ರೆ ಮಾತು ಗಟ್ಟಿ. ಅಲ್ಲೀಗಂಟ ಯಾರ್ ಬೇಕಾದ್ರೂ ಎದ್ದೋಗ್ಬೋದು. ಆ ಶಾಸ್ತ್ರಕ್ಕೆ ಮೊಪೆಡ್ಡಲ್ಲಿ ಓಗಿ ಇನ್ನೊಂದು ಊಂ ಅನ್ನಿಸ್ಕೊಳ್ಳೋದು ನನ್ ಕೈಲಿ ಆಗ್ತಿರ್ನಿಲ್ಲ.

ಅಷ್ಟ್ರಲ್ಲಿ ಅದೇ ಗಾಡೀದು ಒಸ ಮಾಡ್ಲು ಬಂತು ಅಂತ ಸುದ್ದಿ. ಮಾವಂದು ಅಳೇದು, ಅಳಿಯಂದು ಒಸದು. ಇದ್ಕಿಂತ ಇನ್ನೇನ್ ಬೇಕು? ಬಾವನ್ನ ಕರ್ಕಂಡು ಮೈಸೂರಿನ ಶೋರೂಮಿಗೆ ಓದೆ. ಅಲ್ಲಿ ಅಳೇದೊಂದು, ಒಸದೊಂದು ಅಕ್ಕಪಕ್ಕ ನಿಲ್ಸಿದ್ರು. ಒಬ್ಬ ಟೈ ಕಟ್ಕೊಂಡಿದ್ದೋನು ಏನೇನು ಬದ್ಲಾಗದೆ ಅಂತ ಏಳಕ್ಕೆ ಸುರು ಮಾಡ್ದ.

"ಸೈಲೆನ್ಸರ್ ನೋಡಿ ಸಾರ್. ಹಳೇದ್ರಲ್ಲಿ ಕೆಳಗಿತ್ತು. ನೀರು ದಾಟೋವಾಗ ಒಳಗೆ ನುಗ್ಗಬಾರದು ಅಂತ ಸೀಟಿನ ಪಕ್ಕಕ್ಕೆ ಎತ್ತಿದ್ದಾರೆ. ಅದಕ್ಕೇ ಈ ಕಡೆ ಏನಾದ್ರೂ..."

"ಗೊತ್ತಾಯ್ತು. ಮುಂದ್ಕೆ."

"ಸೀಟು ಇನ್ನೂ ಎತ್ತರ ಆಗಿದೆ. ನಿಮ್ಮ ಹೈಟಿಗೆ ಒಂದ್ಸಲ ಕೂತು..."

"ಮುಂದ್ಕೆ."

"ಹಿಂದೆ ಕೂತೋರ ಬಟ್ಟೆ ಚಕ್ರಕ್ಕೆ ಸಿಗದಂಗೆ ಸೀರೆ ಗಾರ್ಡ್ ಇತ್ತು. ಇದಕ್ಕೆ ಬರಲ್ಲ. ಬೇಕಿದ್ರೆ ಬೇರೆ..."

"ಸೀರೆ ಉಡೋಳು ಇನ್ನೂ ಬಂದಿಲ್ಲ. ಮುಂದ್ಕೆ."

"ಕಿಕ್ಕರ್ ತೆಗೆದಿದ್ದಾರೆ. ಬರೀ ಬಟನ್ ಸ್ಟಾರ್ಟ್. ಅದರಿಂದ ಬ್ಯಾಟರಿ ಮಾತ್ರ..."

"ಅಣ್ಣ, ಒಂದೇ ಮಾತಲ್ಲಿ ಏಳು. ಅಳೇದಕ್ಕಿಂತ ಇದು ಮ್ಯಾಲೋ ಅಲ್ವೋ?"

ಅವ್ನು ಟೈ ಸಡಿಲ ಮಾಡ್ಕಂಡ. "ಮೇಲೇ ಸಾರ್."

"ಅದ್ನ ಮೊದ್ಲೇ ಏಳ್ಬಾರ್ದಾ?"

ಬಾವ ಕಿವೀಲಿ, "ಲೇ ನಾಗ, ಪೂರ್ತಿ ಕೇಳ್ಕಳ್ಳೋ," ಅಂದ್ರು. ನಾನು ಕೇಳ್ನಿಲ್ಲ. ಕೇಳಿದ್ರೆ ಈ ಕತೆ ಇರ್ತಿರ್ನಿಲ್ಲ.

ಗಾಡಿನ ಬಾವ ಊರಿಗೆ ಓಡ್ಸ್ಕಂಡ್ ಬಂದ್ಮೇಲೆ ಒಂದು ಇಷ್ಯ ಗೊತ್ತಾಯ್ತು. ಗಾಡಿ ಮ್ಯಾಗೆ ಕುಂತ್ರೆ ನನ್ ಕಾಲು ನೆಲಕ್ಕೆ ಎಟುಕಲ್ಲ. ಓಡ್ಸೋದೇನೋ ಓಡುಸ್ತೀನಿ, ನಿಲ್ಸಕ್ಕೆ ಆಗಲ್ಲ. ಬಾವ ಉದ್ದುಕ್ ಇರೋರು. ಅವ್ರನ್ನ ಇಂದೆ ಕುಂಡ್ರುಸ್ಕೊಂಡ್ರೆ ಸರಿಯಾಯ್ತಿತ್ತು. ನಾನು ಬ್ರೇಕ್ ಇಡೀತಿದ್ದೆ, ಅವ್ರು ಕಾಲು ಕೊಡ್ತಿದ್ರು. ಇಂಗೆ ಒಂದು ಗಾಡಿನ ಇಬ್ರು ಸೇರಿ ಓಡ್ಸೋ ಅಭ್ಯಾಸ ಆಯ್ತು. "ನಾನು ನಿಮ್ಮಕ್ಕನ ಗಂಡನೋ, ಈ ಗಾಡಿ ಸ್ಟ್ಯಾಂಡೋ?" ಅಂತ ಬಾವ ಒಂದ್ಸಲ ಕೇಳುದ್ರು. ಎರಡೂವೆ ಅಂದೆ.

ಶಾಸ್ತ್ರದ್ ದಿನ ಮನೆಯೋರೆಲ್ಲ ಟೆಂಪೋಲಿ ಒಂಟ್ರು. ಎಲೇನ ಟೆಂಪೋಲಿ ತಗಂಡೋಗ್ತೀನಿ ಅಂದ್ಲು ಅವ್ವ. ನಾನು ಬುಡ್ನಿಲ್ಲ.

"ಅಷ್ಟು ಜನದ್ ಬಿಸೀಲಿ ಎಲೆ ಬಾಡೋಯ್ತದೆ ಕಣವ್ವ. ಗಾಡೀಲಾದ್ರೆ ತಣ್ಣಗೆ ಗಾಳೀಲಿ ತತ್ತೀನಿ."

ನಂಜನಗೂಡು ಮಾರ್ಕೆಟ್ಟಲ್ಲಿ ಎಳೇ ಎಲೆ ಆರ್ಸಿ ತಗಂಡೆ. ಮಾರೋ ಅಮ್ಮ ಬಾಳೆ ಎಲೇಲಿ ಸುತ್ತಿ, ಒದ್ದೆ ಗೋಣಿಚೀಲಕ್ಕೆ ಆಕಿ, ಇನ್ನೊಂದಷ್ಟು ನೀರು ಚುಮುಕ್ಸಿ ಕೊಟ್ಲು. ಅದ್ನ ಸೀಟಿನ ಪಕ್ಕ ಬಲಗಡೆ, ಬಾವನ ಕಾಲಿನ ಅತ್ರ ಬಿಗ್ಯಾಗಿ ಕಟ್ಟುದ್ವಿ. ಕಂಪ್ನಿಯೋರು ಅದ್ಕೇ ಅಂತ ಬುಟ್ಟಂಗಿತ್ತು ಜಾಗ. ಸೈಲೆನ್ಸರ್ ಮ್ಯಾಗೆ.

ನಂಜನಗೂಡು ದಾಟಿ ಸ್ವಲ್ಪ ದೂರ ಓಗಿದ್ವಿ. ಬಾವ ಮೂಗು ಎಳುದ್ರು.

"ನಾಗ, ಯಾರೋ ಸೊಪ್ಪು ಬೇಯುಸ್ತಾವ್ರೆ ಕಣ್ಲಾ."

"ಒತ್ತಾರೆ ಅಲ್ವ ಬಾವ, ಬೇಯುಸ್ತಾರೆ."

ಮುಂದಿನ್ ಊರು ಬಂತು. "ಇಲ್ಲೂ ಸೊಪ್ಪೇ ಕಣ್ಲಾ."

ಅದ್ರ ಮುಂದಿನ್ ಊರು. "ಈ ಸೀಮೆ ಜನ ಬೇರೇನೂ ತಿನ್ನಲ್ವಾ?"

"ಸುಮ್ಕೆ ಕುಂತ್ಕಳಿ ಬಾವ."

ಆಮ್ಯಾಕೆ ಬಟಾಬಯಲು. ಎರಡು ಕಡೆ ಗದ್ದೆ, ಒಂದು ಮನೆ ಇಲ್ಲ, ಒಂದು ಒಲೆ ಇಲ್ಲ. "ಇಲ್ಲಿ ಯಾರ್ಲಾ ಬೇಯುಸ್ತಿರೋದು?" ಅಂದ್ರು.

"ಗಾಳೀಲಿ ತೇಲ್ಕಂಡ್ ಬತ್ತದೆ ಬಾವ." ಸತ್ಯ ಏಳ್ತೀನಿ, ಆ ಗಮಲಿಗೆ ನಂಗೆ ಅಸಿವಾಗಕ್ಕೆ ಸುರುವಾಗಿತ್ತು. ನನ್ ಮದ್ವೆ ಮಾತು ಪಕ್ಕದಲ್ಲೇ ಬೇಯ್ತಾ ಇತ್ತು, ನಾನು ಮುದ್ದೆ ನೆನುಸ್ಕಂಡು ಓಡುಸ್ತಿದ್ದೆ.

ಎಣ್ಣಿನ ಮನೆ ಮುಂದೆ ಚಪ್ಪರ. ನಮ್ಮೋರೂ ಬಂದು ಕುಂತಿದ್ರು. ಎಲ್ರೂ ನೋಡ್ಲಿ ಅಂತ ಅಗಲೊತ್ನಲ್ಲೇ ಲೈಟ್ ಆಕ್ದೆ, ಆರನ್ ಒಡ್ದೆ. ಮಾವ ಎದ್ ನಿಂತ್ರು. ಅಲ್ಲೀಗಂಟ ಎಲ್ಲಾ ಚೆನ್ನಾಗಿತ್ತು.

ನಾನು ಬ್ರೇಕ್ ಇಡ್ದೆ. ಅದೇ ಗಳಿಗೇಲಿ ಬಾವನ ಪಂಚೆ ಅಂಚು ಚಕ್ರಕ್ಕೆ ಸಿಕ್ಕಂತು. ಸೀರೆ ಗಾರ್ಡು ಪಂಚೇನೂ ಕಾಯ್ತದೆ ಅಂತ ನಂಗೆ ಆವಾಗ ತಿಳೀತು. ಬಾವ ಮಾನ ಉಳುಸ್ಕಳಕ್ಕೆ ಪಂಚೆ ಇಡ್ಕೊಂಡು ಕೆಳಕ್ಕೆ ನೆಗುದ್ರು. ಗಾಡಿಗಿದ್ದ ಕಾಲು ಓದಂಗಾಯ್ತು. ಆಮೇಲೆ ನಾನೂ ಗಾಡೀನೂ, ಬಂಧು ಬಳಗದೋರ ಸಮಕ್ಷಮದಲ್ಲಿ, ಗುರು ಇರೀರ ಆಶೀರ್ವಾದದಿಂದ, ಬಲು ನಿಧಾನವಾಗಿ ಎಡಕ್ಕೆ ವಾಲಿ ಮಲಗುದ್ವಿ.

ಎಲೆ ಮೂಟೆ ಗಾಡಿಯಿಂದ ಕಳಚ್ಕೊಂಡು ಉರುಳಿ ಮಾವನ ಪಾದದ ತಾವ ನಿಂತ್ಕಂತು. ಮಾವ ಬಗ್ಗಿ ತೆಗುದ್ರು. ಅಬೆ ಬಂತು.

ಒದ್ದೆ ಗೋಣಿ, ಒಳ್ಗೆ ಬಾಳೆ ಎಲೆ, ಕೆಳ್ಗೆ ಬೆಂಕಿ. ಕಡುಬು ಬೇಯ್ಸೋದೂ ಇಂಗೇಯ. ಅಸ್ರು ಎಲೆ ಎಲ್ಲಾ ಕರ್ರಗೆ ಮೆತ್ತಗಾಗಿ ಒಂದೇ ಮುದ್ದೆ ಆಗಿತ್ತು. ಕೆಂಪಣ್ಣ ಬಾವ ಅರ್ದ ಪಂಚೇಲಿ ನಿಂತ್ಕಂಡು ಮೂಗು ಎಳ್ದು, "ಇದೇ ಕಣ್ಲಾ ಆ ಸೊಪ್ಪು," ಅಂದ್ರು.

ಯಾರೂ ನಗ್ನಿಲ್ಲ. ರತ್ನನ ದೊಡ್ಡಪ್ಪ ಟವಲ್ ಒದರಿ ಎಗಲ ಮ್ಯಾಗೆ ಆಕ್ಕಂಡ್ರು. "ಶಾಸ್ತ್ರದ್ ಎಲೇನೇ ಬೆಂದೋದ್ರೆ ಅಪಶಕುನ. ಇನ್ನೊಂದಿನ ನೋಡ್ಮ. ಇಲ್ಲಾ ಇನ್ನೊಂದು ಗಂಡು ನೋಡ್ಮ."

ನಮ್ಮವ್ವ ಸೆರಗು ಬಾಯಿಗೆ ಇಟ್ಕಂಡ್ಲು. ನಾನು ಇನ್ನೂ ಗಾಡಿ ಕೆಳ್ಗೆ ಇದ್ದೆ. ಅಲ್ಲೇ ಇದ್ಬುಡೋದು ವಾಸಿ ಅನ್ನುಸ್ತು.

ಆವಾಗ ಬಾಕ್ಲು ಇಂದ್ಲಿಂದ ಕಿಸಕ್ ಅಂತ ಸದ್ದು. ರತ್ನ. ಸೆರಗು ಅಡ್ಡ ಇಟ್ರೂ ತಡಿಯಕ್ಕಾಗ್ದೆ ಗೋಡೆ ಇಡ್ಕೊಂಡು ನಗ್ತಾವ್ಳೆ. ಕಣ್ಣಲ್ಲಿ ನೀರು ಬರಂಗೆ ನಗ್ತಾವ್ಳೆ.

ಅವ್ರಜ್ಜಿ ಕುಟ್ಟಾಣಿ ಕೆಳಗಿಟ್ಟು ದೊಡ್ಡಪ್ಪನ ಕಡೆ ತಿರುಗುದ್ರು. "ಎಣ್ಣು ಅಳ್ತಾ ಇದ್ರೆ ಅಪಶಕುನ ಕಣ್ಲಾ. ನಗ್ತಾವ್ಳಲ್ಲ, ಕಾಣಲ್ವ? ಆ ಉಡ್ಗ ಎಲೆ ಬೇಯುಸ್ದ, ಅಷ್ಟೇ ತಾನೆ. ರಾಹುಕಾಲ ಬರೋದ್ರೊಳ್ಗೆ ಬ್ಯಾರೆ ಎಲೆ ತರಕ್ಕೇಳು."

ಎಲೆ ಇದ್ದಿದ್ದು ಮರಳು ದಾರೀಲಿ ಆಚೆ ಇರೋ ಒಬ್ರ ತ್ವಾಟದಲ್ಲಿ. ಎಣ್ಣಿನ ಮನೆ ಎಲೇನೇ ನಾವು ಅವ್ರಿಗೆ ಕೊಡಂಗಿಲ್ಲ, ನಾನೇ ಓಗಿ ತರ್ಬೇಕು. ಗಾಡಿ ಎತ್ತಿ ನಿಲ್ಸಿ ಬಟನ್ ಒತ್ತುದ್ರೆ ಟಿಕ್ ಅಂತು. ಇನ್ನೊಂದ್ಸಲ ಒತ್ತುದ್ರೆ ಟಿಕ್ಕೂ ಅನ್ನಿಲ್ಲ. ಈ ಪಂಚಾಯ್ತಿ ನಡ್ಯೋವಷ್ಟೊತ್ತೂ ಲೈಟು ಉರೀತಾನೇ ಇತ್ತು.

"ಒದ್ದು ಸ್ಟಾರ್ಟ್ ಮಾಡು," ಅಂದ್ರು ಮಾವ.

"ಕಿಕ್ಕರ್ ಇಲ್ಲ ಮಾವ. ಒಸ ಮಾಡ್ಲಲ್ಲಿ ತೆಗ್ದವ್ರೆ."

ಮಾವ ಓಗಿ ಅವ್ರ ಅಳೇ ಗಾಡಿ ತಂದ್ರು. ಒಂದೇ ಒದೆ. ಗುಡುಗುಡು ಅಂತು. "ಅತ್ತು," ಅಂದ್ರು. ಮದ್ವೆ ಗಂಡು ಮಾವನ ಇಂದೆ ಅತ್ತಿ ಕುಂತ್ಕಂಡ. ಊರೋರೆಲ್ಲ ನಿಂತು ನೋಡುದ್ರು.

ಮರಳಲ್ಲಿ ಗಾಡಿ ಆಚೀಚೆ ಅಲ್ಲಾಡ್ತಿತ್ತು, ಮಾವ ಮಾತ್ರ ಚಾವಡೀಲಿ ಕುಂತೋರಂಗೆ ಮಾತಾಡ್ತಿದ್ರು.

"ಸೈಲೆನ್ಸರ್ ಯಾಕಪ್ಪ ಮ್ಯಾಕೆ ಓಯ್ತು?"

"ನೀರು ದಾಟಕ್ಕೆ ಮಾವ."

"ನೀನ್ ಯಾವ್ ನೀರು ದಾಟ್ದೆ?"

"ಕಾವೇರಿ."

"ಎಂಗೆ?"

"ಸೇತ್ವೆ ಮ್ಯಾಗೆ."

ಮಾವ ಗೇರ್ ಬದ್ಲಾಯ್ಸುದ್ರು. "ಸೀಟು ಯಾಕೆ ಎತ್ತರ ಮಾಡುದ್ರು?"

"ದೂರದೆಲ್ಲಾ ಕಾಣ್ಲಿ ಅಂತ ಇರ್ಬೇಕು ಮಾವ."

"ಎಲೆ ಬೇಯ್ತಾ ಇದ್ದಿದ್ದು ಪಕ್ಕದಲ್ಲಿ ತಾನೆ?"

ಒಸ ಎಲೇನ ಎದೆಗೆ ಅವುಚ್ಕೊಂಡು ತಂದೆ. ರಾಹುಕಾಲ ಬರೋದ್ರೊಳ್ಗೆ ವೀಳ್ಯ ಬದ್ಲಾಯಿಸ್ಕೊಂಡ್ವಿ. ದೊಡ್ಡಪ್ಪ ತಾಂಬೂಲ ತಗಳೋವಾಗ ಎಲೇನ ಮೂಸಿ ನೋಡುದ್ರು. ಊಟಕ್ಕೆ ಕುಂತಾಗ ಬಾವಂಗೆ ಸೊಪ್ಪಿನ ಪಲ್ಯ ಬಡ್ಸಕ್ಕೆ ಬಂದ್ರೆ ಕೈ ಅಡ್ಡ ಇಟ್ರು.

ಮದ್ವೆ ಆಯ್ತು. ಗಾಡಿ ಮ್ಯಾಗೆ ಅತ್ತಕ್ಕೆ ರತ್ನಂಗೆ ಜಗಲಿ ಬೇಕು, ಇಳಿಯಕ್ಕೆ ಇನ್ನೊಂದು ಜಗಲಿ ಬೇಕು. ನಡುವೆ ಎಲ್ಲೂ ನಿಲ್ಸಂಗಿಲ್ಲ. ತೌರಿಗೆ ಓದ್ರೆ ಒಂದೇ ಓಟ. "ಒಂದು ಲೋಟ ಕಾಪಿ ಕುಡಿಯಕ್ಕೂ ನಿಮ್ ಬಾವನ್ನ ಕರ್ಕೊಂಡ್ ಬರ್ಬೇಕಲ್ಲ," ಅಂತಾಳೆ.

ಅಂಗೆ ಓಗಿದ್ದಾಗ ಒಂದಿನ ಮಾವ ನನ್ ಗಾಡಿ ಮ್ಯಾಗೆ ಕುಂತು ನೋಡುದ್ರು. ಆಳು ಆರಡಿ. ಎರಡು ಪಾದಾನೂ ಸಲೀಸಾಗಿ ನೆಲಕ್ಕೆ ಊರ್ಕಂಡ್ವು. ಒಂದು ಸುತ್ತು ಓಗಿ ಬತ್ತೀನಿ ಅಂದೋರು ಸಂಜೆಗೆ ಬಂದ್ರು. "ನೀನು ನಂದು ತಗಂಡೋಗು," ಅಂದ್ರು. ಅಷ್ಟೇಯ.

ಈಗ ಅಳೆ ಮಾಡ್ಲು ನಂದು. ಸೀರೆ ಗಾರ್ಡ್ ಅದೆ, ಕಿಕ್ಕರ್ ಅದೆ, ತುದಿಗಾಲಾದ್ರೂ ಎಟುಕ್ತದೆ. ಒಸದ್ರಲ್ಲಿ ಮಾವ ಒಲಕ್ಕೋಗ್ತಾರೆ. ಆ ಸೈಲೆನ್ಸರ್ ಮ್ಯಾಗೇ ಬುತ್ತಿ ಡಬ್ಬಿ ಕಟ್ಕೋತಾರೆ. ಅಷ್ಟು ದೂರ ಓದ್ರೂ ಮುದ್ದೆ ಸಾರು ಬಿಸಿಬಿಸಿ ಇರ್ತದಂತೆ.

ಮೊನ್ನೆ ತಡೀನಾರ್ದೆ ಕೇಳ್ಬುಟ್ಟೆ. "ಮಾವ, ಎರಡೂ ಓಡ್ಸಿದ್ದೀರಿ. ಒಂದೇ ಮಾತಲ್ಲಿ ಏಳಿ, ಒಸ ಮಾಡ್ಲಲ್ಲಿ ಏನ್ ಐಬಿತ್ತು?"

ಮಾವ ಡಬ್ಬಿ ಬಿಚ್ತಾ ತಲೆ ಎತ್ನಿಲ್ಲ.

"ಓಡ್ಸೋನು."

ನಿಜಕ್ಕೂ ಒಂದೇ ಮಾತಲ್ಲಿ ಏಳುದ್ರು. ಅಂಗೆ ಏಳೋರು ಅಂದ್ರೆ ನಂಗೆ ಬಲು ಇಷ್ಟ ಅಂತ ಊರೆಲ್ಲಾ ಏಳ್ಕೊಂಡ್ ತಿರುಗಿದ್ದೋನೂ ನಾನೇಯ.