ಸುಣ್ಣದ ಡಬ್ಬಿಯಲ್ಲಿರುವ ಬೆಳ್ಳಿಗೆ ಒಂದು ಅರಿಕೆ

ಹಾನಗಲ್ಲ, ೧೯೪೧

ನನ್ನ ಬಲದವಡೆಯ ಹಲ್ಲಿನಲ್ಲಿ ನಾಲ್ಕು ವರುಷ ಠಿಕಾಣಿ ಹೂಡಿದ್ದು, ಸದ್ಯ ನನ್ನ ಸುಣ್ಣದ ಡಬ್ಬಿಯಲ್ಲಿ ವಿಶ್ರಾಂತಿ ಪಡೆಯುತ್ತಿರುವ ಬೆಳ್ಳಿ ಮಾನ್ಯರೇ,

ಹಾನಗಲ್ಲ ಪೇಟೆಯ ಭತ್ತದ ದಲಾಲ ಕರಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಬಾಯೊಳಗಿದ್ದಾಗ ತಮಗೆ ಅಡ್ಡಬೀಳುವ ಅನುಕೂಲವಿರಲಿಲ್ಲ. ಹೊರಗೆ ಬಂದು ಆ ಕೊರತೆಯನ್ನೂ ನೀಗಿಸಿದ್ದೀರಿ.

ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು, ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಯಂತ್ರವೊಂದರಿಂದ ನನ್ನ ಹುಳುಕು ಹಲ್ಲನ್ನು ಕೊರೆದು, ಅದರೊಳಗೆ ತಮ್ಮನ್ನು ಪ್ರತಿಷ್ಠಾಪಿಸಿ, ಇನ್ನು ಸಾಯುವತನಕ ಚಿಂತೆಯಿಲ್ಲ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಯಾರು ಸಾಯುವತನಕ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಾವಿಯ ತಣ್ಣೀರು ಕುಡಿದಾಗ ನೆತ್ತಿಯವರೆಗೆ ಜುಮ್ಮೆನ್ನಿಸಿ, ಹಿತ್ತಾಳೆ ಚಮಚ ತಾಗಿದಾಗ ಮೋಡವಿಲ್ಲದೆಯೂ ಸಿಡಿಲು ಬಡಿಸಿ, ಆಮೇಲೆ ಮೆಲ್ಲಗೆ ಅಂಚು ಬಿಟ್ಟುಕೊಂಡು ಶೇಂಗಾ, ಅಡಿಕೆ, ರೊಟ್ಟಿಯ ಚೂರುಗಳಿಗೆಲ್ಲ ತಮ್ಮ ಕೆಳಗೆ ಆಶ್ರಯ ಕೊಟ್ಟು, ಉಳಿದ ಹಲ್ಲೂ ಒಳಗಿಂದೊಳಗೇ ಹುಳುಕಾಗುವಂತೆ ನೋಡಿಕೊಂಡಿರಿ. ಬರಬರುತ್ತ ಮೈಯೆಲ್ಲ ಕಪ್ಪಾದಿರಿ. ನನ್ನ ಹೆಂಡತಿ ಹಾಲವ್ವ ಒಂದು ದಿನ ಬಾಯಿ ತೆರೆಸಿ ನೋಡಿ, "ಬೆಳ್ಳಿ ಇಟಗೊಂಡೀರೋ, ಇದ್ಲಿ ಇಟಗೊಂಡೀರೋ?" ಎಂದಳು.

ಇಷ್ಟನ್ನೂ ನಾನು ಸಹಿಸಿದೆ. ಆದರೆ ತಾವು ಕೈ ಹಾಕಿದ್ದು ನನ್ನ ಕಸುಬಿಗೇ. ಭತ್ತದ ಕಾಳು ಸುಲಿದು ದವಡೆಗಿಟ್ಟು ಕಚ್ಚಿದಾಗ ಕಟಕ್ಕೆಂದು ಮುರಿದರೆ ಒಣಗಿದೆ, ಮೆತ್ತಗಾದರೆ ಹಸಿ ಎಂದು ಹೇಳುವುದೇ ನನ್ನ ಅನ್ನ. ನಮ್ಮಪ್ಪನೂ ಹಲ್ಲಿನ ಮೇಲೆಯೇ ಹೆಸರು ಗಳಿಸಿದವನು. ತಾವಾದರೋ ಸಡಿಲಾಗಿ, ಯಾವ ಕಾಳು ಇಟ್ಟರೂ ತಾವೇ ಕಟಕ್ಕೆಂದು ಸದ್ದು ಮಾಡತೊಡಗಿದಿರಿ. ತಮ್ಮ ಮಾತು ನಂಬಿ ನಾನು ಒಣಗಿದೆ ಎಂದೆ, ನನ್ನ ಮಾತು ನಂಬಿ ಸವಣೂರಿನ ವ್ಯಾಪಾರಿ ಸಿರಾಜುದ್ದೀನರು ಭತ್ತ ಕೊಂಡರು, ಅದು ಅವರ ಉಗ್ರಾಣದಲ್ಲಿ ಸೊಗಸಾಗಿ ಮೊಳಕೆಯೊಡೆಯಿತು.

ಕಳೆದ ವಾರ ಆಡೂರಿನ ರೈತ ದ್ಯಾಮಪ್ಪ ಭತ್ತ ತಂದಾಗ ಸಿರಾಜುದ್ದೀನರು ಮತ್ತೆ ಬಂದಿದ್ದರು. ಇನ್ನೊಮ್ಮೆ ನಂಬಲು ಬಂದ ದೊಡ್ಡ ಮನುಷ್ಯರು ಅವರು. ನಾನು ಕಾಳು ಕಚ್ಚಿ ಎಂದಿನಂತೆ ಅಂಗೈಗೆ ಉಗುಳಿ, ಕೈಯನ್ನು ರಾಶಿಗೆ ಒರೆಸಿದೆ. ಅದರ ಜೊತೆಗೆ ತಾವೂ, ರಜೆಯ ಅರ್ಜಿ ಕೊಡದೆ, ಹೊರಟುಬಿಟ್ಟಿರಿ. ಸಿರಾಜುದ್ದೀನರು ರಾಶಿಯಿಂದ ಕಪ್ಪು ಹರಳೊಂದನ್ನು ಎತ್ತಿ ಹಿಡಿದರು. "ಭತ್ತದಾಗ ಕಲ್ಲು ಬೆರಸ್ಯಾರ್ರಿ!"

ದ್ಯಾಮಪ್ಪನ ಮುಖ ಬಾಡಿಹೋಯಿತು. "ಕಲ್ಲು ಬೆರಸಿ ಉಣ್ಣೋ ಮನಿತನ ನಮ್ದಲ್ಲರಿ," ಎಂದವನು ನನ್ನನ್ನೇ ನೋಡಿದ. ನಾಲಗೆ ಆಡಿಸಿ ನೋಡಿದೆ. ತಮ್ಮ ಜಾಗ ಖಾಲಿ. ಸುಮ್ಮನಿದ್ದರೆ ಅವನ ಹೆಸರು ಹೋಗುತ್ತಿತ್ತು, ಮಾತಾಡಿದರೆ ನನ್ನದು. ಮಾನ್ಯರೇ, ಆ ಗಳಿಗೆಯ ಸಂಕಟವನ್ನು ನಾನು ಯಾರಿಗೂ ಬಯಸುವುದಿಲ್ಲ, ತಮ್ಮನ್ನು ಬಿಟ್ಟು. ಕೊನೆಗೆ ತುಂಬಿದ ಪೇಟೆಯ ನಡುವೆ ಬಾಯಿ ಅಗಲಿಸಿ, ಕಲ್ಲು ಎಲ್ಲಿಯದೆಂದು ಬೆರಳಿಟ್ಟು ತೋರಿಸಿದೆ. ಸಿರಾಜುದ್ದೀನರು ಬಗ್ಗಿ ನೋಡಿದರು, ಅವರ ಹಿಂದೆ ಇಡೀ ಪೇಟೆ ಬಗ್ಗಿ ನೋಡಿತು. ದ್ಯಾಮಪ್ಪನ ಭತ್ತ ಮಾರಾಟವಾಯಿತು.

ಆದ್ದರಿಂದ ತಮ್ಮಲ್ಲಿ ಅರಿಕೆ: ದಯಮಾಡಿ ಮುಂದಿನ ಸಂತೆಯ ದಿನ ಪೇಟೆಗೆ ನಡೆದು ಬಂದು, ಇಷ್ಟು ದಿನ ಕಟಕ್ಕೆಂದಿದ್ದು ತಾವು, ಕರಬಸಪ್ಪನಲ್ಲ ಎಂದು ಎಲ್ಲರೆದುರು ಸಾಕ್ಷಿ ಹೇಳಬೇಕು. ಅದಾಗದಿದ್ದರೆ ಆ ಡಾಕ್ಟರ ಹಲ್ಲಿನಲ್ಲಿ ಹೋಗಿ ಸುಖವಾಗಿರಬೇಕು, ಅವರು ಸಾಯುವತನಕ.

ತಮ್ಮನ್ನು ನಂಬಿ ಕೆಟ್ಟ
ತಮ್ಮ ವಿಶ್ವಾಸಿ,
ಕರಬಸಪ್ಪ

ತಾ.ಕ.: ಈಗ ಅಂಗಡಿಯಲ್ಲಿ ಕಾಳು ಕಚ್ಚುವವಳು ಹಾಲವ್ವ. ಬೇವಿನ ಕಡ್ಡಿಯ ಹೊರತು ಬೇರೆ ಯಾವ ಡಾಕ್ಟರೂ ಅವಳ ಬಾಯಿ ಕಂಡಿಲ್ಲ. ನಿನ್ನೆ ಸಿರಾಜುದ್ದೀನರು ಬಂದು, ಗಾದಿಯ ಮೇಲೆ ಕುಳಿತ ನನಗೆ ಬಹಳ ಮರ್ಯಾದೆಯಿಂದ ಸಲಾಮು ಮಾಡಿ, "ಅಕ್ಕಾರು ಒಳಗ ಅದಾರೇನ್ರಿ?" ಎಂದು ಕೇಳಿದರು.