ಎಡಗಂಕುಳ ಹರಳು

ಬಟ್ಟೆಯಂಗಡಿಯ ಕೌಂಟರಿನಿಂದ ಹಿಂದಿನ ಗೋದಾಮಿಗೆ ನಾನು ಗಡಿಪಾರಾದದ್ದು ನನ್ನ ಕಂಕುಳಿನ ದೆಸೆಯಿಂದ. ಇದು ನಗುವ ವಿಷಯವೆಂದು ದಯವಿಟ್ಟು ಯಾರೂ ಭಾವಿಸಬಾರದು. ಮೇಲಿನ ಶೆಲ್ಫಿನಿಂದ ಬಟ್ಟೆಯ ಥಾನು ಇಳಿಸಲು ನಾನು ಕೈಯೆತ್ತಿದರೆ ಸಾಕು, ಗಿರಾಕಿಗಳು ಮೂಗು ಮುಚ್ಚಿಕೊಂಡು ಎದುರಂಗಡಿಗೆ ಹೋಗುತ್ತಾರೆಂದು ಯಜಮಾನರು ಹೇಳಿದರು. ಗೋದಾಮಿನಲ್ಲಿ ಕಿಟಕಿಯಿಲ್ಲ, ಮಾತಾಡಲು ನರಪಿಳ್ಳೆಯಿಲ್ಲ. ಮಾತೇ ಬಂಡವಾಳವಾದ ನನಗೆ ಅಳು ಬರುತ್ತಿತ್ತು.

ಸೆಂಟು ಹಚ್ಚಿದರೆ ನನಗೆ ಮೈಯೆಲ್ಲ ತುರಿಕೆ. ಆಗ ಹೊಳೆದದ್ದು ಪಟಿಕದ ಹರಳು. ಒದ್ದೆ ಮಾಡಿ ಕಂಕುಳಿಗೆ ಉಜ್ಜಿಕೊಂಡರೆ ವಾಸನೆ ಸುಳಿಯುವುದಿಲ್ಲವಂತೆ. ಗಣಿಯಿಂದ ತೆಗೆದ ನೈಸರ್ಗಿಕ ಹರಳನ್ನೇ ದುಬಾರಿ ಬೆಲೆ ತೆತ್ತು ತಂದೆ. ನೋಡಿದರೆ ನನ್ನಾಕೆ ಕಾರ್ಖಾನೆಯಲ್ಲಿ ತಯಾರಾದದ್ದನ್ನು ಅಗ್ಗಕ್ಕೆ ತಂದಿಟ್ಟಿದ್ದಳು.

"ಭೂಗರ್ಭದಲ್ಲಿ ಯುಗಯುಗಾಂತರ ತಪಸ್ಸು ಮಾಡಿದ ಹರಳು ಕಣೇ ಇದು!"

"ಅಷ್ಟು ತಪಸ್ಸು ಮಾಡಿ ನಿಮ್ಮ ಕಂಕುಳು ಸೇರ್ತಲ್ಲಾ, ಪಾಪ, ಏನು ಕರ್ಮ ಮಾಡಿತ್ತೋ!"

"ನಿಂದು ಕೃತಕ. ನಂದು ಶುದ್ಧ."

"ನಿಮ್ಮ ವಾಸನೇನೂ ನೈಸರ್ಗಿಕವೇ ಅಲ್ವೇನ್ರೀ?"

ಕೆಲವು ದಿನ ಇರಲೆಂದು ಬಂದಿದ್ದ ನಮ್ಮ ಅತ್ತೆಯವರು ಈ ವಾದವನ್ನೆಲ್ಲ ಶ್ರದ್ಧೆಯಿಂದ ಕೇಳುತ್ತಿದ್ದರು.

ಕೊನೆಗೆ ರಾಜಿಯಾಯಿತು. ಎಡಗಂಕುಳಿಗೆ ನೈಸರ್ಗಿಕ, ಬಲಗಂಕುಳಿಗೆ ಕೃತಕ. ಪ್ರತಿ ಸಂಜೆ ನನ್ನಾಕೆ ನ್ಯಾಯಾಧೀಶರ ಗಾಂಭೀರ್ಯದಿಂದ ಎರಡೂ ಕಡೆ ಮೂಸಿ, "ಎರಡೂ ಒಂದೇ" ಎಂದು ತೀರ್ಪು ಕೊಡುತ್ತಿದ್ದಳು. ಆದರೆ ನನ್ನ ಹರಳು ಮಾತ್ರ ದಿನೇದಿನೇ ಸವೆಯುತ್ತಿತ್ತು. ಎಡಗಡೆ ಹೃದಯವಿದೆ, ಬೆವರು ಹೆಚ್ಚು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ರಜೆಯ ದಿನ ಯಜಮಾನರನ್ನು ಕಾಡಿ ಬೇಡಿ ಮನೆಗೆ ಕರೆತಂದೆ. ಶರಣಾದ ಸೈನಿಕನಂತೆ ಎರಡೂ ಕೈಯೆತ್ತಿ ನಿಂತೆ. ಅವರು ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು.

"ಏನೂ ಇಲ್ಲ ಕಣಯ್ಯ! ನಾಳೆಯಿಂದ ಕೌಂಟರಿಗೆ ಬಾ."

ನನ್ನ ಕಣ್ಣು ತುಂಬಿ ಬಂತು. ಅತ್ತೆ ನೀರು ತಂದುಕೊಟ್ಟರು. ಯಜಮಾನರು ಗಟಗಟ ಕುಡಿದು ಇನ್ನೊಂದು ಲೋಟ ಕೇಳಿ, ಅದನ್ನೂ ಮುಗಿಸಿದರು.

"ಊರಿಗೆಲ್ಲ ನಲ್ಲೀಲಿ ಕೆಸರು ನೀರು. ನಿಮ್ಮನೇಲಿ ಮಾತ್ರ ಹೇಗಮ್ಮಾ ಇಷ್ಟು ತಿಳಿ?"

"ಪಟಿಕ ಆಡಿಸಿದ್ರೆ ಕೆಸರೆಲ್ಲ ತಳಕ್ಕಿಳಿಯುತ್ತೆ," ಎಂದರು ಅತ್ತೆ, ಹೆಮ್ಮೆಯಿಂದ. "ದುಡ್ಡು ಕೊಟ್ಟು ತರೋದೂ ಬೇಡ. ಅಳಿಯಂದಿರದ್ದು ಬಚ್ಚಲಮನೇಲಿ ಇರುತ್ತಲ್ಲ, ದಿನಾ ಅದನ್ನೇ ಡ್ರಮ್ಮಲ್ಲಿ ನಾಲ್ಕು ಸುತ್ತು ತಿರುಗಿಸಿ ಮತ್ತೆ ಅಲ್ಲೇ ಇಡ್ತೀನಿ."

ನನ್ನಾಕೆ ಗೋಡೆ ಹಿಡಿದುಕೊಂಡಳು. "ಅಯ್ಯೋ ಅಮ್ಮಾ! ಅದೇ ಯಾಕೆ? ನಂದು ಹೊಸದೊಂದು ತುಂಡು ಒಳಗೇ ಇತ್ತಲ್ಲ?"

"ಕುಡಿಯೋ ನೀರಿಗೆ ಯಾರಾದ್ರೂ ಕೃತಕದ್ದು ಹಾಕ್ತಾರೇನೇ? ನೈಸರ್ಗಿಕದ್ದೇ ಶುದ್ಧ ಅಂತ ಅಳಿಯಂದಿರು ದಿನಾ ಬಡ್ಕೋತಿರ್ಲಿಲ್ವಾ?"

ಯಜಮಾನರು ಖಾಲಿ ಲೋಟವನ್ನು ನೋಡಿದರು. ಆಮೇಲೆ ನನ್ನ ಎಡಗಂಕುಳನ್ನು ನೋಡಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ; ನಾನು ಮಾಡಿದ್ದನ್ನು ಮಹಾರಾಯರು ಎರಡು ಲೋಟ ಕುಡಿದಿದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಗೋದಾಮಿನಲ್ಲೇ ಇದ್ದೇನೆ. ದಿನವೂ ಎರಡೂ ಕೈಯೆತ್ತಿ ಥಾನು ಇಳಿಸುತ್ತೇನೆ. ಎಡಕ್ಕೂ ಬಲಕ್ಕೂ ಒಂದಿಷ್ಟೂ ವಾಸನೆಯಿಲ್ಲ. ಇಲ್ಲವೆಂದು ಹೇಳಲು ಅಲ್ಲಿ ಯಾರೂ ಇಲ್ಲ.