ತುಟಿಯಂಚಿನ ಸೂಜಿ

ಕುತ್ತಿಗೆ ಹಿಡಿದರೇನಂತೆ, ಬಾಡೂಟ ಬಿಡುವ ವಂಶದಲ್ಲಿ ಹುಟ್ಟಿದವನಲ್ಲ ನಾನು!

ನನ್ನ ಭಾಮೈದ ಮಾರುತೇಶ್ ದೊಡ್ಡಉಳ್ಳಾರ್ತಿಯಲ್ಲಿ ಮಗನ ಜವಳ ಇಟ್ಟುಕೊಂಡಿದ್ದ. ಕಾವಲಿನ ಹುಲ್ಲು ಮೇದು ಕೊಬ್ಬಿದ ಟಗರು ಕೊಯ್ಯುತ್ತಾರೆಂದು ಸುದ್ದಿ ಬಂದಿತ್ತು. ಊಟಕ್ಕೆ ಇನ್ನೆರಡು ದಿನ ಇದೆ ಎನ್ನುವಾಗ, ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗದ ಗುಂಡಿಗಿಳಿದು ಸೀರೆ ನೇಯುತ್ತಿದ್ದ ನನ್ನ ಕುತ್ತಿಗೆ ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಹೀಗೇ ಪಂಕ್ತಿಯಲ್ಲಿ ಕುಳಿತರೆ ನನ್ನ ಎಲೆ ಕಾಣುವುದಿಲ್ಲ, ಪಕ್ಕದವನ ಎಲೆ ಮಾತ್ರ ಕಾಣುತ್ತದೆ. ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ!

"ಎಣ್ಣೆ ಹಚ್ಚಿ ಬಿಸ್ನೀರು ಹುಯ್ತೀನಿ, ಸುಮ್ಕಿರ್ರಿ," ಎಂದಳು ಹೆಂಡತಿ ಗಂಗಲಕ್ಷ್ಮಿ.

"ಎಣ್ಣೆಗೆ ಬಗ್ಗೋ ಕುತ್ತಿಗೆ ಅಲ್ಲ ಕಣೇ ಇದು! ಚಳ್ಳಕೆರೆಗೆ ಹೋಗಿ ಅಕ್ಯುಪಂಕ್ಚರ್ ಮಾಡಿಸ್ಕಂಡು ಬರ್ತೀನಿ."

"ಕಾಲಿಗೆ ಮುಳ್ಳು ಚುಚ್ಚಿದ್ರೆ ಓಣಿಗೆಲ್ಲ ಕೇಳಂಗೆ ಬೊಬ್ಬೆ ಹೊಡೆಯೋರು ನೀವು!"

ಆದರೂ ಹೋದೆ. ಡಾಕ್ಟರು ಹಣೆಗೆ, ಕಿವಿಗೆ, ಕೈಗೆ ಕೂದಲೆಳೆಯಂಥ ಸೂಜಿ ಇಳಿಸಿದರು. ಕೊನೆಯದನ್ನು ತುಟಿಯಂಚಿಗೆ ಚುಚ್ಚಿ, "ಅರ್ಧ ಗಂಟೆ ಬಾಯಿ ಬಿಡಬೇಡಿ," ಎಂದು ಇನ್ನೊಬ್ಬ ರೋಗಿಯ ಕಡೆ ಹೋದರು. ನೋವೇ ಇಲ್ಲ! ಅಷ್ಟರಲ್ಲಿ ಕರೆಂಟು ಹೋಯಿತು. ಸೆಖೆ ತಾಳದೆ ಮೆಲ್ಲಗೆ ಹೊರಗಿನ ಜಗುಲಿಗೆ ಬಂದು ನಿಂತೆ.

ಎದುರಿಗೇ ಬೊಮ್ಮಕ್ಕ! ಗಂಗಲಕ್ಷ್ಮಿಯ ಸೋದರತ್ತೆ, ಜವಳಕ್ಕೆ ಸಾಮಾನು ಕೊಳ್ಳಲು ಬಂದವಳು. ಮಾರಮ್ಮನಿಗೆ ಹರಕೆ ಹೊತ್ತವರು ತುಟಿಗೆ ಬಾಯಿಬೀಗ ಚುಚ್ಚಿಸಿಕೊಂಡು ಮೌನವಾಗಿರುವುದನ್ನು ಕಂಡು ಬೆಳೆದ ಮುದುಕಿ.

"ಅಯ್ಯೋ ನನ್ನಪ್ಪನೇ! ಯಾವಾಗ ಹರಕೆ ಹೊತ್ಕಂಡ್ಯೋ? ಬಾಯಿಬೀಗ ಬೇರೆ!"

"ಉಂ... ಉಂ..." ಎಂದೆ. ಅಲ್ಲವೆಂದು ತಲೆಯಾಡಿಸೋಣವೆಂದರೆ ಕುತ್ತಿಗೆಯೇ ಬರುವುದಿಲ್ಲವಲ್ಲ!

ಬೊಮ್ಮಕ್ಕ ಬೀದಿಯಲ್ಲೇ ಕಾಲಿಗೆ ಬಿದ್ದಳು. ಅವಳನ್ನು ನೋಡಿ ಹೂ ಮಾರುವವಳೂ ಬಿದ್ದಳು. ಯಾರೋ ಕೈಗೆ ಬೇವಿನ ಸೊಪ್ಪು ತುರುಕಿದರು. ಡಾಕ್ಟರು ಓಡಿ ಬಂದು ನನ್ನನ್ನು ಒಳಗೆಳೆದುಕೊಳ್ಳುವ ಹೊತ್ತಿಗೆ ಸೂಜಿಗಳ ಸುತ್ತ ಅರಿಶಿನ ಕುಂಕುಮ ಮೆತ್ತಿತ್ತು.

ಸುಳ್ಳೇಕೆ ಹೇಳಲಿ, ಜವಳದ ದಿನಕ್ಕೆ ಕುತ್ತಿಗೆ ಬಲಕ್ಕೂ ತಿರುಗಿತು, ಕೆಳಕ್ಕೂ ಬಗ್ಗಿತು. ಗೆದ್ದೆನೆಂದು ಪಂಕ್ತಿಯ ತುದಿಯಲ್ಲಿ, ಗೋಡೆ ಪಕ್ಕ ಕುಳಿತೆ. ಮುದ್ದೆ ಬಂತು. ಬಾಡಿನ ಸಾರಿನ ಬಕೆಟ್ಟು ಘಮಘಮ ಎನ್ನುತ್ತ ಹತ್ತಿರ ಬಂತು. ನನ್ನನ್ನು ದಾಟಿ ಹೋಯಿತು! ಹಿಂದೆಯೇ ಮಾರುತೇಶ್ ಬಂದು ಬಲು ಭಕ್ತಿಯಿಂದ ಸೊಪ್ಪಿನ ಸಾರು ಬಡಿಸಿದ.

"ಲೇ, ಇದೇನೋ?"

"ಹರಕೆ ಇರೋರು ತುಂಡು ಮುಟ್ಟಬಾರ್ದಲ್ಲ ಭಾವ! ಬೊಮ್ಮಕ್ಕ ನಿಮ್ಮ ಹೆಸರಲ್ಲಿ ಆಗ್ಲೇ ಮುಡಿಪು ಕಟ್ಟೈತೆ."

"ಹರಕೆ ಅಲ್ಲಲೇ, ಅದು ಸೂಜಿ ಚಿಕಿತ್ಸೆ!"

ಬೊಮ್ಮಕ್ಕ ಕೆನ್ನೆ ಬಡಿದುಕೊಂಡಳು. "ಬಿಡ್ತು ಅನ್ನಪ್ಪ! ಕುತ್ತಿಗೆ ನೆಟ್ಟಗೆ ಮಾಡಿದ ತಾಯಿ ಕಣೋ, ಬಾಯಿಚಪಲಕ್ಕೆ ಸುಳ್ಳಾಡಬ್ಯಾಡ!"

ಇಡೀ ಪಂಕ್ತಿ ಕೈಮುಗಿಯಿತು. ನಿಜ ಗೊತ್ತಿದ್ದವಳು ಗಂಗಲಕ್ಷ್ಮಿ ಒಬ್ಬಳೇ. ಎದುರು ಸಾಲಿನಲ್ಲಿ ಕುಳಿತು ನೆಮ್ಮದಿಯಾಗಿ ಮೂಳೆ ಚೀಪುತ್ತಿದ್ದಳು.

"ನೀನಾದ್ರೂ ಹೇಳೇ!" ಎಂದು ಗೋಗರೆದೆ.

"ನಾನೇನು ಹೇಳ್ಲಿ? ಕುತ್ತಿಗೆ ಈಗ ಚೆನ್ನಾಗಿ ತಿರುಗ್ತೈತಲ್ಲ, ಗೋಡೆ ಕಡೆ ತಿರುಗ್ಕಂಡು ಉಣ್ರಿ. ತುಂಡು ಕಾಣಂಗಿಲ್ಲ!"